ತೋಟದ ಗಾಡಿಗೆ ಚೈನು ಎಷ್ಟು ಬಿಗಿ ಇರಬೇಕು?



ತೋಟದ ಕೆಲಸಕ್ಕೆ ಬಳಸುವ ಬೈಕು, ಮೊಪೆಡ್ಡುಗಳ ವಿಷಯದಲ್ಲಿ ನಮ್ಮಲ್ಲಿ ಒಂದು ನಂಬಿಕೆ ಬೇರೂರಿದೆ. ಚೈನು ಜೋಲು ಬಿದ್ದರೆ ಕೆಟ್ಟದ್ದು, ಬಿಗಿಯಾದಷ್ಟೂ ಒಳ್ಳೆಯದು ಎಂಬುದೇ ಆ ನಂಬಿಕೆ. ಇದರಲ್ಲಿ ಮೊದಲ ಅರ್ಧ ನಿಜ. ಎರಡನೆಯ ಅರ್ಧವನ್ನು ನಂಬಿ ಚೈನನ್ನು ವೀಣೆಯ ತಂತಿಯಂತೆ ಬಿಗಿಸಿಕೊಂಡು, ಅದರ ಮೇಲೆ ಎರಡು ಮೂಟೆ ಹಸಿ ಅಡಿಕೆ ಹೇರಿ, ಕಲ್ಲುದಾರಿಯಲ್ಲಿ ಹೊರಡುವವರು ತಮ್ಮ ಗಾಡಿಯನ್ನು ತಾವೇ ಹಾಳುಮಾಡಿಕೊಳ್ಳುತ್ತಾರೆ. ಹೊರೆ ಹೊರುವ ಗಾಡಿಗೆ ಬಿಗಿ ಚೈನಿನಿಂದ ಆಗುವ ನಷ್ಟ ಜೋಲು ಚೈನಿನ ನಷ್ಟಕ್ಕಿಂತ ಹೆಚ್ಚು. ಏಕೆಂದರೆ ಅದು ಚೈನಿಗೇ ನಿಲ್ಲುವುದಿಲ್ಲ, ಎಂಜಿನ್ನಿನ ಒಳಗೂ ಹೋಗುತ್ತದೆ.

ಈ ನಂಬಿಕೆ ಎಲ್ಲಿಂದ ಬಂತು? ಬಹುಶಃ ಸೈಕಲ್ಲಿನಿಂದ. ನಾವೆಲ್ಲ ಮೊದಲು ಚೈನು ಬಿಗಿ ಮಾಡಲು ಕಲಿತದ್ದು ಸೈಕಲ್ಲಿನಲ್ಲಿಯೇ ತಾನೆ. ಸಾಮಾನ್ಯ ಸೈಕಲ್ಲಿಗೆ ಶಾಕ್ ಅಬ್ಸಾರ್ಬರ್ ಇಲ್ಲ. ಪೆಡಲಿನ ಹಲ್ಲುಚಕ್ರಕ್ಕೂ ಹಿಂದಿನ ಹಲ್ಲುಚಕ್ರಕ್ಕೂ ಇರುವ ದೂರ, ಒಬ್ಬರು ಕೂತರೂ ಮೂವರು ಕೂತರೂ ಒಂದೇ. ಬೈಕಿನಲ್ಲಿ ಹಾಗಲ್ಲ. ಅಲ್ಲಿ ಹಿಂದಿನ ಚಕ್ರ ಮೇಲೆ ಕೆಳಗೆ ಆಡುತ್ತದೆ, ಅದು ಆಡಿದಂತೆಲ್ಲ ಚೈನು ಬಿಗಿಯುತ್ತದೆ, ಸಡಿಲವಾಗುತ್ತದೆ.

ಇದನ್ನು ತಿಳಿಯಲು ಯಂತ್ರಶಾಸ್ತ್ರ ಓದಬೇಕಾಗಿಲ್ಲ. ನಿಮ್ಮ ಕೈಯನ್ನೇ ನೋಡಿಕೊಳ್ಳಿ. ಭುಜ ಎಂದರೆ ಎಂಜಿನ್ನಿನ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್ಟು. ಮೊಣಕೈ ಎಂದರೆ ಹಿಂದಿನ ಚಕ್ರವನ್ನು ಹಿಡಿದಿರುವ ಕವಲು ಕಂಬಿಯ ಕೀಲು. ಈ ಕವಲನ್ನು ಗ್ಯಾರೇಜಿನವರು ಸ್ವಿಂಗ್ ಆರ್ಮ್ ಎನ್ನುತ್ತಾರೆ. ಮಣಿಕಟ್ಟು ಎಂದರೆ ಹಿಂದಿನ ಚಕ್ರದ ಆಕ್ಸಲ್. ಮೊಣಕೈ ಬಗ್ಗಿಸಿದಾಗ ಭುಜಕ್ಕೂ ಮಣಿಕಟ್ಟಿಗೂ ದೂರ ಕಡಿಮೆ. ಕೈಯನ್ನು ನೇರವಾಗಿ ಚಾಚಿದಾಗ ದೂರ ಹೆಚ್ಚು. ಬರಿಗಾಡಿಯನ್ನು ಡಬಲ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದಾಗ ಹಿಂದಿನ ಚಕ್ರ ಕೆಳಗೆ ಜೋತಿರುತ್ತದೆ, ಕೈ ಬಗ್ಗಿದಂತೆ. ನೀವು ಕೂತು, ಹಿಂದೆ ಮೂಟೆ ಹೇರಿದಾಗ ಶಾಕ್ ಅಬ್ಸಾರ್ಬರ್ ಕುಗ್ಗಿ ಚಕ್ರ ಮೇಲೇರುತ್ತದೆ, ಕೈ ನೇರವಾದಂತೆ. ಈ ಮೂರೂ ಬಿಂದುಗಳು ಒಂದೇ ಗೆರೆಗೆ ಬಂದಾಗ ಚೈನು ಅತ್ಯಂತ ಬಿಗಿಯಾಗಿರುತ್ತದೆ. ಬರಿಗಾಡಿಯಲ್ಲಿಯೇ ಸಡಿಲು ಇಲ್ಲದಿದ್ದರೆ, ಗುಂಡಿಗೆ ಬಿದ್ದಾಗ ಚೈನು ಎಲ್ಲಿಂದ ಉದ್ದ ತರಬೇಕು?

ಆಗ ಎಳೆತವೆಲ್ಲ ಬೀಳುವುದು ಗೇರುಬಾಕ್ಸಿನಿಂದ ಹೊರಬರುವ ದಂಡ ಮತ್ತು ಅದರ ಬೇರಿಂಗಿನ ಮೇಲೆ. ಮೊದಲು ಎಂಜಿನ್ನಿನ ಹಲ್ಲುಚಕ್ರದ ಬುಡದಲ್ಲಿ ಎಣ್ಣೆ ಜಿನುಗುತ್ತದೆ. ಆಯಿಲ್ ಸೀಲು ಹೋಯಿತೆಂದು ಹೊಸದು ಹಾಕಿಸುತ್ತೇವೆ. ಎರಡು ತಿಂಗಳಿಗೆ ಮತ್ತೆ ಜಿನುಗುತ್ತದೆ. ದೋಷ ಸೀಲಿನದಲ್ಲದಿರಬಹುದು, ಬೇರಿಂಗು ಸವೆದು ದಂಡ ಅಲುಗಾಡುತ್ತಿರಬಹುದು. ಬೇರಿಂಗು ಬದಲಿಸಬೇಕಾದರೆ ಹೆಚ್ಚಿನ ಗಾಡಿಗಳಲ್ಲಿ ಎಂಜಿನ್ ಇಳಿಸಿ ಎರಡು ಹೋಳು ಮಾಡಬೇಕು. ಕಾಲಿಂಚು ಸಡಿಲು ಬಿಡದ ಕಾರಣಕ್ಕೆ ತೆರುವ ದಂಡ ಇದು.

ಜೋಲು ಚೈನಿನ ಅಪಾಯವನ್ನೂ ಕಡಿಮೆ ಎನ್ನುವಂತಿಲ್ಲ. ಪವರ್ ಟಿಲ್ಲರಿನ ಬೆಲ್ಟು ಸಡಿಲವಾದರೆ ಜಾರುತ್ತದೆ, ಸುಟ್ಟ ವಾಸನೆ ಬರುತ್ತದೆ, ನಮಗೆ ತಿಳಿಯುತ್ತದೆ. ಚೈನು ಜಾರುವುದಿಲ್ಲ, ಹಲ್ಲು ಬಿಟ್ಟು ಹಾರುತ್ತದೆ. ಹಾರಿದ ಚೈನು ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡರೆ ಚಕ್ರ ಕಚ್ಚಿಕೊಂಡು ನಿಲ್ಲುತ್ತದೆ. ಮುಂದಿನ ಹಲ್ಲುಚಕ್ರದ ಬಳಿ ಉಂಡೆಗಟ್ಟಿದರೆ ಎಂಜಿನ್ನಿನ ಅಲ್ಯೂಮಿನಿಯಂ ಮೈಯೇ ಒಡೆಯಬಹುದು. ಇಳಿಜಾರಿನಲ್ಲಂತೂ ಇನ್ನೊಂದು ಕಷ್ಟವಿದೆ. ಸಾತನೂರಿನಿಂದ ಸಂಗಮದ ಕಡೆಗೆ ಇಳಿಯುವಾಗ ನಾವು ಕಡಿಮೆ ಗೇರಿನಲ್ಲಿ, ಎಂಜಿನ್ನಿನ ಹಿಡಿತದಲ್ಲಿ ಗಾಡಿ ಇಳಿಸುತ್ತೇವಷ್ಟೆ. ಚೈನು ಕಳಚಿದ ಕ್ಷಣದಲ್ಲಿ ಆ ಹಿಡಿತ ಇಲ್ಲ. ಹೊರೆಯ ಸಮೇತ ಗಾಡಿ ಬ್ರೇಕಿನ ಮೇಲೆಯೇ ನಿಲ್ಲಬೇಕು.

ಹಾಗಾದರೆ ಎಷ್ಟು ಸಡಿಲು ಸರಿ? ಗಾಡಿಯ ಜೊತೆ ಬಂದ ಪುಸ್ತಕದಲ್ಲಿ, ಕೆಲವು ಗಾಡಿಗಳಲ್ಲಿ ಸ್ವಿಂಗ್ ಆರ್ಮಿಗೆ ಅಂಟಿಸಿದ ಚೀಟಿಯಲ್ಲಿ ಇದನ್ನು ಮುದ್ರಿಸಿರುತ್ತಾರೆ. ಅದೇ ಪ್ರಮಾಣ. ಡಬಲ್ ಸ್ಟ್ಯಾಂಡಿನ ಮೇಲೆ ಅಳೆಯಬೇಕೋ ಪಕ್ಕದ ಸ್ಟ್ಯಾಂಡಿನ ಮೇಲೆ ಅಳೆಯಬೇಕೋ ಎಂಬುದನ್ನೂ ಅಲ್ಲಿ ಹೇಳಿರುತ್ತಾರೆ, ಅದನ್ನು ಬಿಡಬೇಡಿ. ಊರಿನೊಳಗೆ ಓಡುವ ಸಾಮಾನ್ಯ ಬೈಕುಗಳಿಗೆ ಹೆಚ್ಚಾಗಿ 20ರಿಂದ 30 ಮಿಲಿಮೀಟರು. ಹಳ್ಳ ದಿಣ್ಣೆಗೆಂದೇ ಮಾಡಿದ, ಉದ್ದ ಶಾಕ್ ಅಬ್ಸಾರ್ಬರಿನ ಎತ್ತರದ ಬೈಕುಗಳಿಗೆ ಇದಕ್ಕಿಂತ ಹೆಚ್ಚು, 35ರಿಂದ 50 ಮಿಲಿಮೀಟರಿನವರೆಗೂ ಇರುವುದುಂಟು. ಅಂಥ ಬೈಕಿನ ಚೈನು ಜೋತಿರುವುದನ್ನು ಕಂಡು ಊರ ಬೈಕಿನ ಲೆಕ್ಕದಲ್ಲಿ ಬಿಗಿ ಮಾಡಿಕೊಡುವ ರಿಪೇರಿಯವರಿದ್ದಾರೆ. ಗಾಡಿಯ ಒಡೆಯರೇ ಪಕ್ಕದಲ್ಲಿ ನಿಂತು ಬೇಡವೆನ್ನಬೇಕು.

ಅಳೆಯುವ ಕ್ರಮ ಹೀಗೆ. ಎಂಜಿನ್ ನಿಲ್ಲಿಸಿ, ಬೀಗದ ಕೈ ತೆಗೆದು ಜೇಬಿಗೆ ಹಾಕಿಕೊಳ್ಳಿ. ಗೇರು ನ್ಯೂಟ್ರಲ್ಲಿನಲ್ಲಿರಲಿ. ಚೈನಿನ ಕೆಳಗಿನ ಎಳೆಯಲ್ಲಿ, ಎರಡು ಹಲ್ಲುಚಕ್ರಗಳ ನಟ್ಟನಡುವೆ ಬೆರಳಿಟ್ಟು ಕೆಳಗೆ ಒತ್ತಿ, ಆಮೇಲೆ ಮೇಲಕ್ಕೆ ಎತ್ತಿ. ಕೆಳತುದಿಯಿಂದ ಮೇಲ್ತುದಿಯವರೆಗೆ ಚೈನು ಒಟ್ಟು ಎಷ್ಟು ಆಡಿತೋ ಅದೇ ಸಡಿಲಿನ ಲೆಕ್ಕ. ಚೈನಿನ ಮೇಲೆ ಪೂರ್ತಿ ತಗಡಿನ ಮುಚ್ಚಳವಿರುವ ಗಾಡಿಗಳಲ್ಲಿ ಅದರ ಕೆಳಭಾಗದಲ್ಲಿ ರಬ್ಬರಿನ ಬಿರಡೆ ಇರುತ್ತದೆ, ಅದನ್ನು ತೆಗೆದು ನೋಡಬಹುದು. ಒಂದೇ ಕಡೆ ಅಳೆದು ಮುಗಿಸಬಾರದು. ಚಕ್ರವನ್ನು ಕೈಯಿಂದ ಕಾಲು ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ಹೀಗೆ ನಾಲ್ಕಾರು ಕಡೆ. ಓಡಿ ಹಳೆಯದಾದ ಚೈನು ಎಲ್ಲ ಕಡೆಯೂ ಒಂದೇ ಸಮನಾಗಿ ಸವೆಯುವುದಿಲ್ಲ. ಒಂದು ಕಡೆ 35 ಮಿಲಿಮೀಟರು ಆಡಿದರೆ ಇನ್ನೊಂದು ಕಡೆ 20 ಆಡಬಹುದು. ಅತ್ಯಂತ ಬಿಗಿ ಇರುವ ಜಾಗ ಯಾವುದೋ ಅದನ್ನು ಹಿಡಿದು ಹೊಂದಿಸಬೇಕು. ಸಡಿಲು ಜಾಗ ಹಿಡಿದು ಹೊಂದಿಸಿದರೆ ಪ್ರತಿ ಸುತ್ತಿನಲ್ಲಿಯೂ ಒಮ್ಮೆ ಬೇರಿಂಗಿಗೆ ಗುದ್ದು ಬಿದ್ದಂತೆ.

ಹೊರೆ ಹೊರುವವರು ಇದರ ಮೇಲೆ ಇನ್ನೊಂದು ಪರೀಕ್ಷೆ ಮಾಡಬೇಕು. ಪುಸ್ತಕದ ಲೆಕ್ಕ ಒಬ್ಬಿಬ್ಬರು ಕೂತು ಹೋಗುವ ಗಾಡಿಯದು, ಮಾವಿನ ಕ್ರೇಟು ಹೇರಿದ ಗಾಡಿಯದಲ್ಲ. ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಒಯ್ಯುವಾಗ ಚೀಲ ನೋಡಲು ದೊಡ್ಡದು, ಆದರೆ ತೂಕ ಅಷ್ಟಿರುವುದಿಲ್ಲ. ಹಸಿ ಅಡಿಕೆ, ಮಾವು, ಗೊಬ್ಬರದ ಮೂಟೆ ಹಾಗಲ್ಲ. ಆದುದರಿಂದ ನೀವು ಎಂದಿನಂತೆ ಹೇರುವಷ್ಟು ಹೊರೆಯನ್ನು ಹೇರಿ, ಒಬ್ಬರು ಸೀಟಿನ ಮೇಲೆ ಕೂತು ಗಾಡಿಯನ್ನು ನೆಟ್ಟಗೆ ಹಿಡಿದಿರಲಿ, ಇನ್ನೊಬ್ಬರು ಹಿಂಭಾಗವನ್ನು ಬಲವಾಗಿ ಕೆಳಕ್ಕೆ ಒತ್ತಲಿ, ಮೂರನೆಯವರು ಚೈನು ಮುಟ್ಟಿ ನೋಡಲಿ. ಆ ಸ್ಥಿತಿಯಲ್ಲಿಯೂ ಚೈನು ಒಂದು ಸೆಂಟಿಮೀಟರಿನಷ್ಟಾದರೂ ಆಡಬೇಕು. ಆಡದಿದ್ದರೆ ಪುಸ್ತಕದಲ್ಲಿ ಹೇಳಿದ ಅಳತೆಯ ಕೊನೆಯ ಅಂಕಿಯವರೆಗೆ ಸಡಿಲು ಬಿಡಿ. ಅದಕ್ಕೂ ಸಾಲದಿದ್ದರೆ ಹೊರೆಯೇ ಹೆಚ್ಚಾಯಿತೆಂದು ತಿಳಿಯಬೇಕು. ಒಮ್ಮೆಗೆ ಒಯ್ಯುವುದನ್ನು ಎರಡು ಸಲ ಒಯ್ಯುವುದೇ ಆಗ ಉಳಿದ ದಾರಿ.

ಇನ್ನು ಹೊಂದಿಸುವ ಕೆಲಸ. ಆಕ್ಸಲ್ ನಟ್ಟಿಗೆ ಪಿನ್ನು ಇದ್ದರೆ ಅದನ್ನು ತೆಗೆದು ನಟ್ಟನ್ನು ಸಡಿಲಿಸಿ, ಪೂರ್ತಿ ಬಿಚ್ಚಬೇಡಿ. ಕೆಲವು ಗಾಡಿಗಳಲ್ಲಿ ಚೈನಿನ ಬದಿಗೆ ಸ್ಲೀವ್ ನಟ್ಟು ಎಂಬ ಇನ್ನೊಂದು ದೊಡ್ಡ ನಟ್ಟಿರುತ್ತದೆ, ಅದನ್ನೂ ಸಡಿಲಿಸಬೇಕು. ಅದನ್ನು ಮರೆತರೆ ಚಕ್ರ ಅಲುಗುವುದಿಲ್ಲ, ನಾವು ಬಲ ಹಾಕಿ ಅಡ್ಜಸ್ಟರಿನ ಮರೆಯನ್ನೇ ಮುರಿಯುತ್ತೇವೆ. ಆಮೇಲೆ ಎರಡೂ ಬದಿಯ ಅಡ್ಜಸ್ಟರುಗಳನ್ನು ಕಾಲು ಸುತ್ತು, ಕಾಲು ಸುತ್ತು ಸಮನಾಗಿ ತಿರುಗಿಸುತ್ತ ಬನ್ನಿ. ಹಳೆಯ ಬುಲೆಟ್ಟುಗಳಲ್ಲಿ ಬೋಲ್ಟಿನ ಬದಲು ಬಸವನಹುಳುವಿನ ಚಿಪ್ಪಿನಾಕಾರದ ತಗಡು ಇರುತ್ತದೆ. ಅದರ ಅಂಚಿನ ಕಚ್ಚುಗಳನ್ನು ಎಣಿಸಿ ಎರಡೂ ಕಡೆ ಒಂದೇ ಕಚ್ಚಿಗೆ ನಿಲ್ಲಿಸಿದರಾಯಿತು. ಒಂದು ಬದಿ ಹೆಚ್ಚು, ಒಂದು ಬದಿ ಕಡಿಮೆಯಾದರೆ ಚಕ್ರ ಸೊಟ್ಟಗೆ ಕೂರುತ್ತದೆ, ಚೈನಿನ ಒಳಮೈ ಹಲ್ಲುಚಕ್ರದ ಪಕ್ಕವನ್ನು ತೀಡುತ್ತದೆ. ಸ್ವಿಂಗ್ ಆರ್ಮಿನ ಮೇಲೆ ಗೆರೆಗಳಿರುತ್ತವೆ, ಆದರೆ ಒಮ್ಮೆ ಬಿದ್ದೆದ್ದ ಗಾಡಿಯಲ್ಲಿ ಆ ಗೆರೆಗಳನ್ನು ನಾನು ನಂಬುವುದಿಲ್ಲ. ಸ್ವಿಂಗ್ ಆರ್ಮಿನ ಕೀಲಿನ ನಡುವಿನಿಂದ ಆಕ್ಸಲ್ಲಿನ ನಡುವಿನವರೆಗೆ ಒಂದು ಹುರಿ ಹಿಡಿದು ಗಂಟು ಹಾಕಿ, ಅದೇ ಹುರಿಯನ್ನು ಇನ್ನೊಂದು ಬದಿಗೆ ಹಿಡಿದು ನೋಡಿ. ಎರಡೂ ಸಮ ಬಂದರೆ ಚಕ್ರ ನೆಟ್ಟಗಿದೆ.

ಆಕ್ಸಲ್ ನಟ್ಟನ್ನು ಬಿಗಿ ಮಾಡುವಾಗ ಚಕ್ರ ಅಡ್ಜಸ್ಟರಿಗೆ ಒತ್ತಿಕೊಂಡಿರುವಂತೆ ಮುಂದಕ್ಕೆ ಒತ್ತಿ ಹಿಡಿಯಿರಿ. ನಟ್ಟು ಬಿಗಿಯಾದ ಮೇಲೆ ಸಡಿಲನ್ನು ಮತ್ತೊಮ್ಮೆ ಅಳೆಯಲೇಬೇಕು. ನಟ್ಟು ಬಿಗಿಯುವಾಗಲೇ ಐದಾರು ಮಿಲಿಮೀಟರು ವ್ಯತ್ಯಾಸವಾಗುವುದು ಅಪರೂಪವಲ್ಲ. ಮತ್ತೊಂದು ವಿಷಯವನ್ನು ಅನೇಕರು ಮರೆಯುತ್ತಾರೆ. ಹಿಂದೆ ಡ್ರಮ್ ಬ್ರೇಕಿರುವ ಗಾಡಿಯಲ್ಲಿ ಚಕ್ರ ಹಿಂದಕ್ಕೆ ಸರಿದರೆ ಬ್ರೇಕಿನ ಕಂಬಿಯೂ ಎಳೆದುಕೊಳ್ಳುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಬ್ರೇಕು ಸದಾ ಹಿಡಿದೇ ಇದ್ದು ಡ್ರಮ್ಮು ಕಾಯುತ್ತದೆ, ಪೆಟ್ರೋಲು ವ್ಯರ್ಥ. ಚಕ್ರ ಕೈಯಲ್ಲಿ ಸರಾಗವಾಗಿ ತಿರುಗುವಂತೆ, ಪೆಡಲು 20ರಿಂದ 30 ಮಿಲಿಮೀಟರು ಇಳಿದ ಮೇಲೆ ಬ್ರೇಕು ಹಿಡಿಯುವಂತೆ ಅದರ ನಟ್ಟನ್ನೂ ಹೊಂದಿಸಿ. ಹಿಂದಿನ ಬ್ರೇಕಿನ ದೀಪ ಸರಿಯಾಗಿ ಹತ್ತಿ ಆರುತ್ತದೆಯೇ ನೋಡಿ.

ಹತ್ತು ಇಂಚಿನ ಲೆಕ್ಕ

ಚೈನು ಉದ್ದವಾಯಿತು ಎನ್ನುತ್ತೇವೆ. ನಿಜವಾಗಿ ಉಕ್ಕು ಹಿಗ್ಗಿರುವುದಿಲ್ಲ. ಇಂದಿನ ಚೈನಿನ ಪ್ರತಿ ಕೀಲಿನಲ್ಲಿಯೂ ಒಂದು ಪಿನ್ನು, ಅದರ ಮೇಲೆ ಒಂದು ಬುಷ್, ಬುಷ್ಷಿನ ಮೇಲೆ ಉರುಳುವ ಒಂದು ರೋಲರು ಇರುತ್ತದೆ. ಬುಷ್ಷಿರುವ ಈ ರಚನೆಗೆ ಹ್ಯಾನ್ಸ್ ರೆನಾಲ್ಡ್ ಎಂಬವರು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1880ರಲ್ಲಿ ಪೇಟೆಂಟ್ ಪಡೆದರು; ಅಲ್ಲಿಂದೀಚೆಗೆ ಮೂಲತತ್ವ ಬದಲಾಗಿಲ್ಲ. ಸವೆಯುವುದು ಪಿನ್ನು ಮತ್ತು ಬುಷ್. ಒಂದೊಂದು ಕೀಲಿನಲ್ಲಿ 0.1 ಮಿಲಿಮೀಟರು ಸವೆದರೆ ನೂರು ಕೀಲುಗಳ ಚೈನು 10 ಮಿಲಿಮೀಟರು ಉದ್ದವಾದಂತೆ ಕಾಣುತ್ತದೆ.

ನಮ್ಮ ಸಣ್ಣ ಬೈಕುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ 428 ಮತ್ತು 420 ನಂಬರಿನ ಚೈನುಗಳಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಸರಿಯಾಗಿ ಅರ್ಧ ಇಂಚು, ಅಂದರೆ 12.7 ಮಿಲಿಮೀಟರು. ಇದು ನಮಗೆ ಬಹಳ ಅನುಕೂಲ. ಚೈನನ್ನು ಎಳೆದು ಹಿಡಿದು ಒಂದು ಪಿನ್ನಿನ ನಡುವಿನಿಂದ ಎಣಿಸಿ ಇಪ್ಪತ್ತೊಂದನೆಯ ಪಿನ್ನಿನ ನಡುವಿಗೆ, ಅಂದರೆ ಇಪ್ಪತ್ತು ಕೊಂಡಿಗಳನ್ನು ಅಳೆದರೆ ಹೊಸ ಚೈನಿನಲ್ಲಿ 254 ಮಿಲಿಮೀಟರು, ಸರಿಯಾಗಿ ಹತ್ತು ಇಂಚು. ಇದು 259 ಮಿಲಿಮೀಟರಿಗೆ ಬಂದರೆ ನೂರಕ್ಕೆ ಎರಡರಷ್ಟು ಸವೆದಿದೆ ಎಂದರ್ಥ. ಆ ಚೈನಿನ ಕೆಲಸ ಮುಗಿಯಿತು. ಪ್ರತಿ ಕೀಲಿನಲ್ಲಿ ಸವೆದದ್ದು ಕಾಲು ಮಿಲಿಮೀಟರು ಮಾತ್ರ! ಮಕ್ಕಳ ಶಾಲೆಯ ಅಡಿಕೋಲು ಈ ಪರೀಕ್ಷೆಗೆ ಸಾಕು.

ಇಲ್ಲಿ ನಮ್ಮ ಕಡೆಯ ಒಂದು ಉಪಾಯವನ್ನು ಹೇಳಲೇಬೇಕು. ಅಡ್ಜಸ್ಟರು ಕೊನೆ ಮುಟ್ಟಿದಾಗ ಚೈನಿನಿಂದ ಎರಡು ಕೊಂಡಿ ತೆಗೆಸಿ ಮತ್ತೆ ಹಾಕಿಸುವುದು. ಚೈನು ಬಿಗಿಯಾಗುತ್ತದೆ, ದುಡ್ಡು ಉಳಿಯಿತೆಂದು ಸಮಾಧಾನವಾಗುತ್ತದೆ. ಆದರೆ ಉಳಿದ ಪ್ರತಿಯೊಂದು ಕೀಲೂ ಸವೆದದ್ದೇ ತಾನೆ? ಅದರ ಕೊಂಡಿಗಳ ಅಂತರ ಹೆಚ್ಚಾಗಿರುವುದರಿಂದ ಅದು ಹಲ್ಲುಗಳ ಬುಡದಲ್ಲಿ ಕೂರದೆ ಮೇಲೇರಿ ಕೂರುತ್ತದೆ, ಹಲ್ಲುಗಳನ್ನು ಕೊಕ್ಕೆಯಂತೆ ಬಾಗಿಸಿ ತಿನ್ನುತ್ತದೆ. ಹಿಂದಿನ ಹಲ್ಲುಚಕ್ರದ ಹಿಂಬದಿಯಲ್ಲಿ ಚೈನನ್ನು ಹಿಡಿದು ಹಿಂದಕ್ಕೆ ಎಳೆದು ನೋಡಿ. ಹಲ್ಲಿನ ಅರ್ಧದಷ್ಟು ಕಂಡರೆ ಚೈನು ಸವೆದಿದೆ. ಬದಲಿಸುವಾಗ ಚೈನು ಮತ್ತು ಎರಡೂ ಹಲ್ಲುಚಕ್ರಗಳನ್ನು ಒಟ್ಟಿಗೇ ಬದಲಿಸತಕ್ಕದ್ದು. ಹಳೆಯ ಹಲ್ಲಿಗೆ ಹೊಸ ಚೈನು ಹಾಕಿದರೆ ಹೊಸದನ್ನು ಹಳೆಯದು ತಿನ್ನುತ್ತದೆ.

ನಮ್ಮ ಮಣ್ಣಿನ ಗುಣ

ಚೈನು ಇಷ್ಟು ಬೇಗ ಸವೆಯುವುದಕ್ಕೆ ನಮ್ಮ ನೆಲವೂ ಕಾರಣ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು, ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಬ್ಯಾರಿ ಕ್ಲೋಸ್ ಅವರಿಂದ ಬಂದದ್ದು. ಊರಿನ ಹೆಸರು ಬದಲಾದರೂ ಇಲ್ಲಿಯ ಬೆಟ್ಟಗಳ ಬಂಡೆಗೆ ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಹೇಳುತ್ತಾರೆ. ರಾಮದೇವರ ಬೆಟ್ಟ, ಮಾಗಡಿಯ ಸಾವನದುರ್ಗ ಎಲ್ಲವೂ ಇದೇ ಬಂಡೆ. ಇದು ಮಳೆ ಬಿಸಿಲಿಗೆ ಕರಗಿ ಉದುರಿದಾಗ ಉಳಿಯುವ ಹೊಳೆಯುವ ಹರಳು ಕ್ವಾರ್ಟ್ಸ್, ಅಂದರೆ ಬೆಣಚು. ಬೆಣಚು ಸಾಮಾನ್ಯ ಉಕ್ಕನ್ನು ಗೀರುವಷ್ಟು ಗಟ್ಟಿ. ಈ ಮರಳು ಚೈನಿನ ಎಣ್ಣೆಗೆ ಅಂಟಿಕೊಂಡರೆ ಸಾಣೆಯ ಹಿಟ್ಟು ಹಚ್ಚಿದಂತೆಯೇ ಸರಿ. ಮಲೆನಾಡಿನ ಕಾಫಿ ತೋಟದ ಬಂಧುಗಳಿಗೆ ಮಳೆಗಾಲದ ಅಂಟು ಕೆಸರು ಶತ್ರುವಾದರೆ ನಮಗೆ ಬೇಸಗೆಯ ಈ ಒಣ ಮರಳು. ಚನ್ನಪಟ್ಟಣದ ಕಡೆ, ಕಣ್ವ ಕಾಲುವೆಯ ಬದಿಯ ತೋಟಗಳಲ್ಲಿ ನೀರು ದಾಟಿ ಬರುವವರಿಗೆ ಎರಡೂ ಉಂಟು. ನೀರು ಎಣ್ಣೆಯನ್ನು ತೊಳೆಯುತ್ತದೆ, ಆಮೇಲೆ ಮರಳು ಒಳಸೇರುತ್ತದೆ.

ಚೈನನ್ನು ಮುಚ್ಚಿಡುವುದೇ ಇದಕ್ಕೆ ಮದ್ದೆಂದು ಹಿಂದಿನವರು ಕಂಡುಕೊಂಡಿದ್ದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಜಾವಾ, ಆಮೇಲೆ ಬಂದ ಯೆಜ್ಡಿ ಬೈಕುಗಳಲ್ಲಿ ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ ಓಡುತ್ತಿತ್ತು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಇಂದು ಅನೇಕ ಬೈಕುಗಳಲ್ಲಿ ಚೈನು ಬಯಲಿನಲ್ಲಿದೆ. ನೋಡಲು ಚೆಂದವೆಂದೋ ಏನೋ. ನಿಮ್ಮ ಗಾಡಿಗೆ ಪೂರ್ತಿ ಮುಚ್ಚಳ ಬಂದಿದ್ದರೆ ದಯವಿಟ್ಟು ಅದನ್ನು ಕಿತ್ತೆಸೆಯಬೇಡಿ. ಸದ್ದು ಮಾಡಿದರೆ ಬೋಲ್ಟು ಬಿಗಿಮಾಡಿ.

ಎಣ್ಣೆಯ ವಿಷಯದಲ್ಲಿ 90 ನಂಬರಿನ ಗೇರ್ ಆಯಿಲ್ ನಮ್ಮ ಕೆಲಸಕ್ಕೆ ಸಾಕು. ಗ್ರೀಸು ಬಳಿಯುವುದು ಬೇಡ, ಅದು ಒಳಗೆ ಇಳಿಯುವುದಿಲ್ಲ, ಹೊರಗೆ ಮರಳನ್ನು ಹಿಡಿದಿಡುತ್ತದೆ. ಎಂಜಿನ್ನಿನಿಂದ ಇಳಿಸಿದ ಹಳೆಯ ಕಪ್ಪು ಎಣ್ಣೆ ಹಾಕುವ ಪದ್ಧತಿಯೂ ಇದೆ. ಒಣಗಿದ ಚೈನಿಗಿಂತ ಅದು ಮೇಲು ಎನ್ನಬಹುದೇ ಹೊರತು ಅದರಲ್ಲಿ ಲೋಹದ ಪುಡಿ, ಮಸಿ ಇರುವುದರಿಂದ ಒಳ್ಳೆಯದೆನ್ನಲಾರೆ. ಮೊದಲು ಹಳೆಯ ಕೊಳೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ, ಬ್ರಷ್ಷಿನಿಂದ ತೆಗೆದು ಒರೆಸಿ. ಪಿನ್ನುಗಳ ಬದಿಯಲ್ಲಿ ಸಣ್ಣ ರಬ್ಬರ್ ಬಳೆಗಳಿರುವ ಚೈನಿಗೆ ಪೆಟ್ರೋಲು ಸೋಕಿಸಬಾರದು, ಬಳೆ ಹಾಳಾದರೆ ಒಳಗಿನ ಗ್ರೀಸು ಹೋಯಿತು. ಎಣ್ಣೆಯನ್ನು ಚೈನಿನ ಒಳಮೈಗೆ, ಪಟ್ಟಿಗಳ ಸಂದಿಗೆ ಹನಿಹನಿಯಾಗಿ ಬಿಡಿ. ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಬೇಡ. ಸಂಜೆ ತೋಟದಿಂದ ಬಂದು ಚೈನು ಬೆಚ್ಚಗಿರುವಾಗ ಹಾಕಿದರೆ ರಾತ್ರಿಯೆಲ್ಲ ಒಳಗಿಳಿಯುತ್ತದೆ. ಬೆಳಿಗ್ಗೆ ಹೊರಮೈಯನ್ನು ಒರೆಸಿಬಿಡಿ. ಟಾರು ರಸ್ತೆಗೆ 500 ಕಿಲೋಮೀಟರಿಗೊಮ್ಮೆ ಎಂಬುದು ರೂಢಿ. ತೋಟದ ದಾರಿಗೆ ಕಿಲೋಮೀಟರಿನ ಲೆಕ್ಕ ಹಿಡಿಯಬೇಡಿ, ವಾರಕ್ಕೊಮ್ಮೆ ನೋಡಿ, ನೀರು ದಾಟಿ ಬಂದ ದಿನ ತಪ್ಪದೆ ಹಾಕಿ.

ಈ ಕೆಲಸದಲ್ಲಿ ಬೆರಳು ಕಳೆದುಕೊಳ್ಳುವ ಒಂದು ಅಭ್ಯಾಸವಿದೆ. ಡಬಲ್ ಸ್ಟ್ಯಾಂಡ್ ಹಾಕಿ, ಎಂಜಿನ್ ಚಾಲು ಮಾಡಿ ಗೇರಿಗೆ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿದು ಒರೆಸುವುದು. ಬಟ್ಟೆಯನ್ನು ಚೈನು ಹಲ್ಲುಚಕ್ರದ ಬಾಯಿಗೆ ಎಳೆದುಕೊಂಡಾಗ ಬೆರಳನ್ನು ಹಿಂದೆಗೆಯಲು ವೇಳೆ ಸಿಗುವುದಿಲ್ಲ. ಚಕ್ರವನ್ನು ಕೈಯಿಂದಲೇ ತಿರುಗಿಸಿ, ಹಿಮ್ಮುಖವಾಗಿ ತಿರುಗಿಸಿ, ಬೆರಳು ಹಲ್ಲುಚಕ್ರದಿಂದ ದೂರವಿರಲಿ. ಮಕ್ಕಳಿಗೆ ಈ ಕೆಲಸ ಹೇಳಬೇಡಿ. ಹಿಂದೆ ಕೂರುವ ಹೆಣ್ಣುಮಕ್ಕಳ ಸೆರಗು, ನಮ್ಮ ಪಂಚೆಯ ಅಂಚು ಚಕ್ರಕ್ಕೆ ಸಿಗದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗಕ್ಕೆ ರಕ್ಷಣೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಮೂಟೆ ಕಟ್ಟಲು ಅಡ್ಡವೆಂದು ಅದನ್ನು ಬಿಚ್ಚಿಟ್ಟವರು ಮತ್ತೆ ಹಾಕಿಸಿಕೊಳ್ಳಿ.

ಗಾಡಿಯ ಪೆಟ್ಟಿಗೆಯಲ್ಲಿ ಆಕ್ಸಲ್ ನಟ್ಟಿನ ಸ್ಪ್ಯಾನರು, ಇಕ್ಕಳ ಮತ್ತು ನಿಮ್ಮ ಚೈನಿನ ನಂಬರಿನದೇ ಒಂದು ಲಾಕ್ ಕೊಂಡಿ ಇರಲಿ. ಕತ್ತಲಾದ ಮೇಲೆ ಆನೆ ತಿರುಗುವ ಕನಕಪುರದ ಕಾಡಂಚಿನ ದಾರಿಯಲ್ಲಿ ಚೈನು ಕಡಿದರೆ ಗಾಡಿ ತಳ್ಳಿಕೊಂಡು ಬರುವ ಹಾಗಿಲ್ಲ. ಲಾಕ್ ಕೊಂಡಿ ಹಾಕುವಾಗ ಒಂದೇ ನಿಯಮ: ಮೀನಿನಾಕಾರದ ಆ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಮುಂದಾಗಿರಬೇಕು, ಬಾಯಿಬಿಟ್ಟ ತುದಿ ಹಿಂದಾಗಿರಬೇಕು. ತಿರುಗುಮುರುಗಾಗಿ ಹಾಕಿದರೆ ದಾರಿಯ ಕಡ್ಡಿ, ಕಲ್ಲು ತಗುಲಿ ಕ್ಲಿಪ್ಪು ಹಾರಿಹೋಗುತ್ತದೆ.